ನಡುವಿನವರು ಎಲ್ಲಿ ಕೂತು ಉಣ್ಣಬೇಕು

ಅಪ್ಪನಿಗೆ, ಗಿರಣಿಯ ಮೆಟ್ಟಿಲ ಮೇಲಿಂದ ನಮಸ್ಕಾರ.

ಸೂಪರ್‌ವೈಸರ್ ಆದ ಮೇಲೆ ನನ್ನ ಅಂಗಿ ಕೊಳೆಯಾಗುತ್ತಿಲ್ಲ, ಅಮ್ಮನಿಗೆ ಹೇಳಿ. ಊಟಕ್ಕೆ ಮಾತ್ರ ಜಾಗವಿಲ್ಲ. ಮಗ್ಗದವರ ಬೆಂಚಿಗೆ ಹೋದರೆ ಮಾತು ನಿಲ್ಲುತ್ತದೆ. ಆಫೀಸರುಗಳ ಕೋಣೆಗೆ ಹೋದರೆ, "ಏನ್ರೀ, ಏನಾದ್ರೂ ಕೆಲ್ಸ ಇತ್ತಾ?" ಅನ್ನುತ್ತಾರೆ. ಅದಕ್ಕೇ ಈ ಮೆಟ್ಟಿಲು.

ಸಂಜೆ ಕಾಲೇಜಿನಲ್ಲಿ ಮಧ್ಯಮ ವರ್ಗದ ಪಾಠ ಮುಗಿಯಿತು. ಅದು ಕರಗಿ ಕೆಳಗಿನವರಲ್ಲಿ ಸೇರಿಹೋಗುತ್ತದೆ ಎಂದು ಕೆಲವು ಪಂಡಿತರು. ಇಲ್ಲ, ಬೆಳೆದು ಸಮಾಜಕ್ಕೇ ತೊಲೆಯಾಗುತ್ತದೆ ಎಂದು ಇನ್ನು ಕೆಲವರು. ಎರಡನ್ನೂ ಬರೆದು ಪಾಸಾದೆ. ಎಲ್ಲಿ ಕೂತು ಉಣ್ಣಬೇಕೆಂದು ಯಾರೂ ಹೇಳಲಿಲ್ಲ. ಮಗ್ಗದವರು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ: ಎಡಬಿಡಂಗಿ.

ಸೋಮವಾರ ಮುಷ್ಕರ. ನಿವೃತ್ತ ಮಗ್ಗದವರ ಜೊತೆ ನೀವೂ ಬರುತ್ತೀರಂತೆ. ಯಾರೂ ಒಳಗೆ ಬರದಂತೆ ಗೇಟಿಗೆ ಬೀಗ ಹಾಕುವ ಕೆಲಸವನ್ನು ಆಫೀಸರುಗಳು ನನ್ನ ತಲೆಗೆ ಕಟ್ಟಿದ್ದಾರೆ. ಬಿಸಿಲು ಜೋರಾಗಿದೆ, ನಿಮಗೆ ಮೊಣಕಾಲು ನೋವು. ಬರಬೇಡಿ. ಬಂದರೂ ಎಲ್ಲರೆದುರು ನನ್ನನ್ನು ಮಾತಾಡಿಸಬೇಡಿ.

ಇಂತಿ,
ನಿಮ್ಮ ಮಗ, ಸೂಪರ್‌ವೈಸರ್

ಮರೆತ ಮಾತು: ಮೇಲೆ ಬರೆದದ್ದನ್ನು ಬಿಟ್ಟುಬಿಡಿ. ಬನ್ನಿ. ಮನೆಯಲ್ಲಿ ಕರೆಯುವ ಹಾಗೆಯೇ "ಲೋ ಮರಿ" ಎಂದು ಎಲ್ಲರಿಗೂ ಕೇಳುವಂತೆ ಕರೆಯಿರಿ. ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ.