ಮೆಟ್ಟಿಲ ಮೇಲೆ ಕೂತ ದೊರೆ

ಅಪ್ಪ,

ಮನೆ ಸಿಕ್ಕಿತು. ನೀನು ತೀರಿಹೋದ ವಾರವೇ ನನಗೆ ಈ ಮಹಾನಗರಕ್ಕೆ ವರ್ಗವಾಯಿತು. ನಿನ್ನ ನಾಯಿ ದೊರೆಯನ್ನು ಕರೆದುಕೊಂಡು ಹನ್ನೊಂದು ಮನೆ ನೋಡಿದೆ. ಎಲ್ಲ ಕಡೆ ಒಂದೇ ಮಾತು: "ನೀವು ಬನ್ನಿ, ನಾಯಿ ಬೇಡ." ಬ್ರೋಕರ್ ಅಂತೂ, "ಬೆಕ್ಕು ಅಂತ ಸುಳ್ಳು ಹೇಳೋಣ ಅಂದ್ರೆ ಕರು ಇದ್ದಂಗಿದಾನಲ್ಲ ಮೇಡಂ," ಎಂದು ಕೈಚೆಲ್ಲಿದ.

ಕೊನೆಗೆ ಅವನೇ ಒಂದು ಬಡಾವಣೆ ತೋರಿಸಿದ. ಅಲ್ಲಿ ಗೇಟಿಗೊಂದು ನೀರಿನ ಬೋಗುಣಿ, ಪಾರ್ಕಿನ ಬೆಂಚುಗಳ ಕೆಳಗೆಲ್ಲ ಬಾಲಗಳು. ಮನೆಯೊಡತಿ ನಿವೃತ್ತ ನರ್ಸ್. ಬಾಗಿಲು ತೆರೆದವರು ನನ್ನನ್ನು ಬಿಟ್ಟು ದೊರೆಯನ್ನೇ ಮಾತಾಡಿಸಿದರು. ದೊರೆ ಮಾತ್ರ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಎಷ್ಟು ಕರೆದರೂ ಹೊಸಿಲು ದಾಟಲಿಲ್ಲ.

"ಎಂಥಾ ಶಿಸ್ತು. ಯಾರಮ್ಮ ಕಲಿಸಿದ್ದು?"

"ನಮ್ಮಪ್ಪ," ಅಂದುಬಿಟ್ಟೆ.

ನಿನ್ನ ಮನೆಯಲ್ಲಿ ಅವನು ಮಂಚ ಬಿಟ್ಟು ಇಳಿದವನೇ ಅಲ್ಲ. ನನ್ನ ಮನೆಗೆ ನೀವಿಬ್ಬರು ಬಂದಾಗಲೆಲ್ಲ, "ಅವನು ಹೊರಗಿರಲಿ, ಈಗಷ್ಟೇ ನೆಲ ಒರೆಸಿದೀನಿ," ಅನ್ನುತ್ತಿದ್ದವಳು ನಾನು. "ಇರಲಿ ಬಿಡಮ್ಮ, ಇಲ್ಲೇ ಗಾಳಿ ಚೆನ್ನಾಗಿದೆ," ಎಂದು ನೀನೂ ಅವನ ಪಕ್ಕದಲ್ಲೇ ಕೂತು, ಕಾಫಿ ಕುಡಿದು, ಸಂಜೆಯೊಳಗೆ ಹೊರಟುಬಿಡುತ್ತಿದ್ದೆ.

ಇವತ್ತು ಸಾಮಾನೆಲ್ಲ ಬಂದಿಳಿಯಿತು. ನೆಲ ಒರೆಸಿಲ್ಲ, ಬಾಗಿಲು ಪೂರ್ತಿ ತೆರೆದಿಟ್ಟಿದ್ದೇನೆ. "ಬಾರೋ ದೊರೆ," ಅಂದರೆ ಬಾಲ ಅಲ್ಲಾಡಿಸಿ ಪಕ್ಕದ ಖಾಲಿ ಜಾಗವನ್ನು ನೋಡುತ್ತಾನೆ.

ಕಾಫಿ ಲೋಟ ಹಿಡಿದು ನಾನೇ ಹೋಗಿ ಅಲ್ಲಿ ಕೂತಿದ್ದೇನೆ. ಕಲ್ಲಿನ ಮೆಟ್ಟಿಲು ಇಷ್ಟು ಒತ್ತುತ್ತದೆ ಅಂತ ನೀನು ಒಂದು ದಿನವೂ ಹೇಳಲಿಲ್ಲ.