ನಾನೇ ಮಾಡಿದ ಕಿಟಕಿ, ತಾವು ತಳ್ಳಿದ ಅರ್ಜಿ

ಇಂಧನ ಉಳಿತಾಯ ಇಲಾಖೆಯ ಮುಖ್ಯಾಧಿಕಾರಿಗಳೇ,

ಹಳೆಯ ಕಿಟಕಿ ತೆಗೆದು ಜೋಡಿಗಾಜಿನ ಕಿಟಕಿ ಹಾಕಿಸಿಕೊಳ್ಳಲು ತಮ್ಮ ಯೋಜನೆಯ ನೆರವು ಕೋರಿ ನಾನು ಕೊಟ್ಟ ಅರ್ಜಿಯನ್ನು ತಾವು ಒಂದೇ ಸಾಲಿನಲ್ಲಿ ತಿರಸ್ಕರಿಸಿದ್ದೀರಿ: ‘ದೋಷಪೂರಿತ ಕಿಟಕಿಗಳನ್ನು ತಯಾರಿಸಿದವರು ಅರ್ಜಿದಾರರೇ ಆದ್ದರಿಂದ ನೆರವು ಸಲ್ಲದು.’ ಆ ಸಾಲನ್ನು ಮೂರು ಸಲ ಓದಿದೆ. ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ ಎಂಬುದೇ ನನ್ನ ಮೊದಲ ದೂರು.

ನಾನು ಬಡಗಿ. ‘ನನ್ನ ಕಿಟಕಿ ಮುಚ್ಚಿದರೆ ಇರುವೆಯೂ ಅಪ್ಪಣೆ ಕೇಳಿ ಒಳಗೆ ಬರಬೇಕು’ ಎಂದು ಜೀವಮಾನವಿಡೀ ಕೊಚ್ಚಿಕೊಂಡವನು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಬೇರೆಯವರ ಮಕ್ಕಳ ವಿಷಯ ಎಂದುಕೊಂಡಿದ್ದೆ. ಚಳಿಗಾಲದಲ್ಲಿ ಹೀಟರ್ ದಿನವಿಡೀ ಉರಿದರೂ ಕೋಣೆ ಬೆಚ್ಚಗಾಗದಿದ್ದಾಗ ಹೀಟರನ್ನು ಬೈದೆ, ಗೋಡೆಯನ್ನು ಬೈದೆ, ರಿಪೇರಿಯವನನ್ನು ಎರಡು ಸಲ ಕರೆಸಿ ಅವನನ್ನೂ ಬೈದೆ. ತಮ್ಮ ತಪಾಸಣಾಧಿಕಾರಿಣಿ ನಮ್ಮ ಬೀದಿಗೆ ಬಂದಾಗ, ‘ಬನ್ನಿ, ಒಳ್ಳೆ ಕಿಟಕಿ ಅಂದ್ರೆ ಹೇಗಿರುತ್ತೆ ನೋಡ್ಕೊಂಡು ಹೋಗಿ’ ಎಂದು ನಾನೇ ಕರೆದೆ. ಆಕೆ ಮಲಗುವ ಕೋಣೆಯ ಮುಚ್ಚಿದ ಕಿಟಕಿಗೆ ಮೇಣದಬತ್ತಿ ಹಿಡಿದರು. ಜ್ವಾಲೆ ಅಡ್ಡ ಮಲಗಿತು. ಆಮೇಲೆ ಆರಿಯೇ ಹೋಯಿತು.

‘ಇದನ್ನ ಮಾಡಿದ್ದು ಯಾರು ಸರ್?’

‘ಯಾರೋ ಹಳೇ ಬಡಗಿ’ ಎಂದೆ.

ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಹೇಳಿದಳು: ‘ಯಾರೋ ಅಲ್ಲಮ್ಮ, ಇವರೇ.’

‘ಈ ಕಿಟಕಿ ಪಕ್ಕ ಮಲಗೋರು ಯಾರು? ಚಳಿ ಆಗಲ್ವಾ?’

‘ನಾನೇ. ಆಗುತ್ತೆ. ಸಂದಿಗೆ ಟವೆಲ್ ತುರುಕ್ತೀನಿ. ಬೆಳಿಗ್ಗೆ ಇವರು ಏಳೋ ಮುಂಚೆ ತೆಗೆದಿಡ್ತೀನಿ.’

ಇಪ್ಪತ್ತೆರಡು ವರ್ಷ, ಮಾನ್ಯರೇ! ಅವಳ ಹೆಗಲುನೋವಿಗೆ ಊರಿನ ಮುಲಾಮನ್ನೆಲ್ಲ ತಂದು ತಿಕ್ಕಿದ್ದೇನೆ. ತಲೆಯೆತ್ತಿ ಕಿಟಕಿ ನೋಡಿರಲಿಲ್ಲ. ‘ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದೆ. ‘ಹೇಳಿದ್ರೆ ಕಿಟಕಿ ಸರಿ ಮಾಡ್ತಿದ್ರಾ, ನನ್ನನ್ನ ಸರಿ ಮಾಡ್ತಿದ್ರಾ?’ ಎಂದಳು. ಉತ್ತರ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆ ನಾಚಿಕೆಯಲ್ಲೇ ಅರ್ಜಿ ತುಂಬಿದೆ. ‘ಕಿಟಕಿ ತಯಾರಿಸಿದವರು’ ಎಂಬಲ್ಲಿ ನನ್ನ ಹೆಸರನ್ನೇ ಬರೆದೆ. ‘ಗೊತ್ತಿಲ್ಲ ಅಂತ ಬರ್ದಿದ್ರೆ ಆಗೋಗ್ತಿತ್ತಲ್ಲ’ ಎಂದು ತಮ್ಮ ಗುಮಾಸ್ತರು ಮರುಗಿದರು. ಸುಳ್ಳು ಹೇಳಿದರೆ ಹೆಂಡತಿ ಹಿಡಿಯುತ್ತಾಳೆ, ನಿಜ ಹೇಳಿದರೆ ಇಲಾಖೆ ಹಿಡಿಯುತ್ತದೆ; ಬಡಪಾಯಿ ಬಡಗಿ ಬಾಯಿ ಬಿಡುವುದಾದರೂ ಎಲ್ಲಿ? ತಮ್ಮ ಯೋಜನೆ ಇರುವುದು ವಿದ್ಯುತ್ ಉಳಿಸಲೋ, ಬಡಗಿಗಳಿಗೆ ಬುದ್ಧಿ ಕಲಿಸಲೋ? ಸಂದಿಯಲ್ಲಿ ನುಗ್ಗುವ ಗಾಳಿ ಚೌಕಟ್ಟು ಯಾರದೆಂದು ವಿಚಾರಿಸಿ ಬರುತ್ತದೆಯೇ? ‘ನೀನೇ ದುರಸ್ತಿ ಮಾಡಿಕೋ’ ಎನ್ನುವಿರಾದರೆ, ಅದನ್ನೂ ಮಾಡಿದೆ. ಸೊಟ್ಟಗಾದ ಮರವನ್ನು ಉಜ್ಜಿ, ಪಟ್ಟಿ ಹೊಡೆದೆ. ಮೊದಲು ಗಾಳಿ ಸುಮ್ಮನೆ ಬರುತ್ತಿತ್ತು, ಈಗ ಸಿಳ್ಳೆ ಹಾಕಿಕೊಂಡು ಬರುತ್ತದೆ. ಅದನ್ನು ಕೇಳುತ್ತಾ ಈಗ ಆ ಪಕ್ಕ ಮಲಗುವವನು ನಾನು.

ನನ್ನ ಅರ್ಜಿಯನ್ನು ತಾವು ಧಾರಾಳವಾಗಿ ಕಸದ ಬುಟ್ಟಿಗೆ ಹಾಕಿ. ಮನೆಯಲ್ಲಿ ಅರ್ಧ ಪಾಲು ನನ್ನ ಹೆಂಡತಿಯದು. ಅವಳ ಅರ್ಜಿಯನ್ನು ಇದರೊಂದಿಗೆ ಲಗತ್ತಿಸಿದೆ. ಅವಳು ಒಂದು ಕಿಟಕಿಯನ್ನೂ ಮಾಡಿಲ್ಲ, ಮಾಡಿದವನನ್ನು ಮದುವೆಯಾಗಿದ್ದಾಳೆ, ಅಷ್ಟೇ. ಈ ಚಳಿಗಾಲ ಮುಗಿಯುವ ಮೊದಲೇ ಅದನ್ನು ಮಂಜೂರು ಮಾಡತಕ್ಕದ್ದು, ಮತ್ತು ಹೊಸ ಕಿಟಕಿಯನ್ನು ಕೂರಿಸಲು ಬೇರೆ ಬಡಗಿಯನ್ನು ಕಳಿಸತಕ್ಕದ್ದು. ಎರಡನೆಯ ಬೇಡಿಕೆ ಅವಳದು. ನಾನೂ ಸಹಿ ಹಾಕಿದ್ದೇನೆ.

ಇಂತಿ,
ಎರಡು ಕಂಬಳಿ ಹೊದ್ದರೂ ನಡುಗುತ್ತಿರುವ
ಒಬ್ಬ ಅನುಭವಿ ಬಡಗಿ