ಅಪ್ಪನಿಗೆಂದು ಎತ್ತಿಟ್ಟ ಕ್ಯಾನುಗಳು

ಫೆಬ್ರವರಿ 3, ಸಂಜೆ

ಬಿಯರ್ ಕ್ಯಾನ್ ತುಂಬಿ ಮುಗೀತು. ಸೊಂಟ ಬಿದ್ದುಹೋಗಿದೆ. ಎಷ್ಟು ತೊಳೆದರೂ ಕೈಯಿಂದ ಹಾಪ್ಸ್ ಹೂವಿನ ವಾಸನೆ ಹೋಗ್ತಿಲ್ಲ. ಹೋಗೋದೂ ಬೇಡ. ಉಗುರು ಸಂದಿಯಲ್ಲೆಲ್ಲ ಹಸಿರು.

ನನ್ನ ರೆಸಿಪಿ. ನನ್ನದೇ. ಇಷ್ಟು ವರ್ಷ ಟ್ಯಾಂಕ್ ಉಜ್ಜಿದ್ದಕ್ಕೆ, ಮಾಲ್ಟ್ ಮೂಟೆ ಹೊತ್ತಿದ್ದಕ್ಕೆ ಮೇಷ್ಟ್ರು ಕೊನೆಗೂ ಒಂದು ಟ್ಯಾಂಕ್ ನನ್ನ ಕೈಗೆ ಬಿಟ್ಟರು. ನಮ್ಮ ಹೆಡ್ ಬ್ರೂವರ್ ಅವರು. ಹಿಂದೆ ಎಲ್ಲೋ ಕೆಮಿಸ್ಟ್ರಿ ಪಾಠ ಮಾಡ್ತಿದ್ರಂತೆ, ಹೆಸರು ಹಾಗೇ ಅಂಟಿಕೊಂಡಿದೆ.

ಗ್ಲಾಸ್ ಮೂಗಿನ ಹತ್ರ ತಂದರೆ ಸಾಕು — ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ. ಹಿಂದೇನೇ ಹಣ್ಣಾದ ಮಾವು. ಕೊನೆಗೆ ಪೈನ್ ಮರದ ಅಂಟಿನಂಥ ಕಹಿ, ನಾಲಿಗೆ ಮೇಲೆ ನಿಂತು ಮಾತಾಡಿಸುತ್ತೆ. ಮೇಷ್ಟ್ರು ಎರಡು ಗುಟುಕು ಕುಡಿದು, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಇದು ಚಿನ್ನದ ಪದಕ.

ಅಪ್ಪನಿಗೆ ಅಂತ ಒಂದು ಕೇಸ್ ಎತ್ತಿಟ್ಟೆ. ಕೋಲ್ಡ್ ರೂಮಿನ ಒಳಮೂಲೆಯಲ್ಲಿ. ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಮುಟ್ಟಿದರೆ ಕೈ ಮುರೀತೀನಿ.

ಫೆಬ್ರವರಿ 12

ಹಡಗಿಂದ ಅಪ್ಪನ ಫೋನ್. ಗಾಳಿ ಸದ್ದು, ನಡುನಡುವೆ ಅಪ್ಪ.

ಹಡಗಿನ ಎಲೆಕ್ಟ್ರಿಷಿಯನ್‌ಗೆ ಮಗಳ ಕೆಲಸ ಅರ್ಥ ಮಾಡಿಸೋದು ಸುಲಭ. ಅವನದೂ ಅದೇ ಕೆಲಸ ತಾನೆ — ಊರವರ ಹಣ್ಣು, ಮೀನು, ಔಷಧಿ ತುಂಬಿದ ತಣ್ಣನೆ ಕಂಟೇನರ್‌ಗಳ ನಾಡಿ ಹಿಡಿದು ನೋಡ್ತಾ ದಿನವಿಡೀ ಡೆಕ್ ಸುತ್ತೋದು.

"ಹಾಪ್ಸ್ ಅಂದ್ರೆ ಕಹಿ ಕೊಡೋದು ತಾನೆ?"

"ಕಹಿನೂ ಕೊಡುತ್ತೆ, ಘಮಾನೂ ಕೊಡುತ್ತೆ. ಹೂವು ಅಪ್ಪಾ ಅದು. ಘಮ ಬೇಗ ಹೋಗುತ್ತೆ, ಕಹಿ ಉಳಿಯುತ್ತೆ."

"ಮನುಷ್ಯರ ಥರ" ಅಂತ ನಕ್ಕ. "ಮಾರ್ಚ್ ಕೊನೆಗೆ ಬಂದುಬಿಡ್ತೀನಿ. ಅಲ್ಲಿವರೆಗೂ ತಣ್ಣಗಿಡು."

ಅಪ್ಪ ನನ್ನ ಓದು ಮುಗಿದ ದಿನ ಇರಲಿಲ್ಲ. ಕಾಲು ಮುರಿದುಕೊಂಡಾಗಲೂ ಇರಲಿಲ್ಲ. ದೂರು ಅಂತ ಬರೀತಿಲ್ಲ. ಈ ಒಂದಕ್ಕೆ ಇರ್ತಾನಲ್ಲ ಅಂತ ಖುಷಿಗೆ ಬರೀತಿದೀನಿ.

ಮಾರ್ಚ್ 22

ಬರ್ತಿಲ್ಲ.

ಅಪ್ಪನ ಜಾಗಕ್ಕೆ ಬರಬೇಕಾದವನು ಬರಲ್ಲ ಅಂತ ಕೈ ಎತ್ತಿದನಂತೆ. ಹಡಗು ಯಾವುದೋ ಬಂದರಿನ ಹೊರಗೆ ಲಂಗರು ಹಾಕಿ ನಿಂತಿದೆ, ಒಳಗೆ ಬಿಡ್ತಿಲ್ಲ. ಯಾವಾಗ ಅಂದ್ರೆ — ಗೊತ್ತಿಲ್ಲ.

ಅಮ್ಮ ಫೋನ್ ಇಟ್ಟು, ಏನೂ ಆಗದವಳ ಹಾಗೆ ಬಟ್ಟೆ ಮಡಚೋಕೆ ಕೂತಳು.

ನಾನು ಬ್ರೂವರಿಗೆ ಹೋಗಿ ಕೇಸಿಂದ ಒಂದು ಕ್ಯಾನ್ ಒಡೆದೆ. ಕಿತ್ತಳೆ ಇದೆ. ಮಾವು... ಇದೆ, ಆದರೆ ಪಕ್ಕದ ರೂಮಿಂದ ಮಾತಾಡಿದ ಹಾಗೆ. ಪರವಾಗಿಲ್ಲ. ಇನ್ನೂ ನನ್ನದೇ ಬಿಯರ್.

ಮಾರ್ಚ್ 30

ಕೋಲ್ಡ್ ರೂಮ್ ತುಂಬಿಹೋಗಿದೆ. ಮೇಷ್ಟ್ರು ಕೇಸ್ ಕಡೆ ಕಣ್ಣು ಹಾಯಿಸಿ, "ಇದಿನ್ನೂ ಇಲ್ಲೇ ಇದೆಯಲ್ಲಮ್ಮ?" ಅಂದರು.

"ಅಪ್ಪನಿಗೆ."

"ಯಾವಾಗ ಬರ್ತಾರೆ?"

ನಾನು ಕೇಸನ್ನ ಇನ್ನೂ ಒಳಕ್ಕೆ ತಳ್ಳಿದೆ. ಅವರು ಕನ್ನಡಕ ಒರೆಸಿಕೊಂಡರು. ಪಾಠ ಬರ್ತಿದೆ ಅಂತ ಗೊತ್ತಾಯ್ತು. "ನೋಡು, ಎಷ್ಟೇ ಹುಷಾರಾಗಿ ತುಂಬಿದರೂ ಕ್ಯಾನ್ ಒಳಗೆ ಚೂರು ಆಕ್ಸಿಜನ್ ಉಳಿದೇ ಉಳಿಯುತ್ತೆ. ಅದು ತನ್ನ ಕೆಲಸ ಮಾಡ್ತಾನೇ ಇರುತ್ತೆ. ತಣ್ಣಗಿಟ್ಟರೆ ನಿಧಾನ. ಬೆಚ್ಚಗಿಟ್ಟರೆ ಓಟ. ನಿಲ್ಲಿಸೋಕೆ ಮಾತ್ರ ಯಾರಿಂದಲೂ ಆಗಲ್ಲ. ಇದು ಇಟ್ಟಷ್ಟೂ ಬಲಿಯೋ ವೈನ್ ಅಲ್ಲಮ್ಮ. ಕುಡಿದುಬಿಡು."

ಮನೆಗೆ ತಂದೆ. ಫ್ರಿಜ್ಜಿನ ಎರಡು ಶೆಲ್ಫ್ ಖಾಲಿ ಮಾಡಿಸಿದೆ. ಅಮ್ಮ ತರಕಾರಿ ಬುಟ್ಟಿ ಹಿಡಿದು ನಿಂತಿದ್ದಳು. "ಇವರೆಲ್ಲ ಇನ್ಮೇಲೆ ಇಲ್ಲೇನಾ? ನನ್ನ ಸೊಪ್ಪಿಗೆ ಬಾಡಿಗೆ ಮನೆ ಹುಡುಕಬೇಕಾ?"

ಏಪ್ರಿಲ್ 17, ಬೆಳಿಗ್ಗೆ

ಅಪ್ಪನ ವಾಯ್ಸ್ ಮೆಸೇಜ್. ದನಿ ಬಳಲಿದೆ. ಹಡಗಲ್ಲಿ ಒಂದು ಕಂಟೇನರ್ ಕೈಕೊಟ್ಟಿತಂತೆ. ಕಂಪ್ರೆಸರ್ ಸುಟ್ಟುಹೋಯ್ತು, ಬದಲಿ ಪಾರ್ಟ್ ಇಲ್ಲ. ಒಳಗಿದ್ದ ಹಣ್ಣೆಲ್ಲ ಹೋಯ್ತು.

"ವಾಸನೆ ಇನ್ನೂ ಮೂಗಲ್ಲಿದೆ ಪುಟ್ಟಿ. ಯಾರೋ ಬೆಳೆದಿದ್ದು, ಯಾರೋ ತಿನ್ನಬೇಕಾಗಿದ್ದು. ನಿನ್ನ ಬಿಯರ್ ನನಗೋಸ್ಕರ ಇಡಬೇಡ. ನೀನೂ ನಿನ್ನ ಸ್ನೇಹಿತರೂ ಕುಡೀರಿ. ಫೋಟೋ ಕಳಿಸು, ಸಾಕು."

ಮೂರು ಸಲ ಕೇಳಿಸಿಕೊಂಡೆ. "ಆಯ್ತಪ್ಪ" ಅಂತ ಕಳಿಸಿದೆ. ಕುಡಿಯಲಿಲ್ಲ. ಹಠ. ಇದು ಅಪ್ಪನ ಕಡೆಯಿಂದಲೇ ಬಂದಿದ್ದು.

ಮೇ 9

ಹಾಪ್ಸ್ ಬೆಳೆಯೋ ಕಡೆ ಮೂರು ವಾರದ ಟ್ರೇನಿಂಗ್ ಮುಗಿಸಿ ವಾಪಸ್. ಬಿಸಿಲು ಕೊಂದು ಹಾಕ್ತಿದೆ. ಬ್ಯಾಗ್ ಇಳಿಸಿ ನೀರಿಗೆ ಅಂತ ಫ್ರಿಜ್ ತೆಗೆದೆ. ಹೊಸ ಫ್ರಿಜ್. ಕ್ಯಾನ್ ಇಲ್ಲ.

"ಹಳೇದು ಕೆಟ್ಟುಹೋಯ್ತು, ನೀನು ಹೋದ ಮಾರನೇ ದಿನವೇ" ಅಂದಳು ಅಮ್ಮ. "ನಿನ್ನವನ್ನೆಲ್ಲ ಮಂಚದ ಕೆಳಗೆ ಜೋಪಾನ ಮಾಡಿದೀನಿ. ಒಂದಕ್ಕೂ ಏಟು ಬಿದ್ದಿಲ್ಲ."

ಮಂಚದ ಕೆಳಗೆ! ಈ ಸೆಕೆಯಲ್ಲಿ! ಆ ರೂಮಿನ ತಾರಸಿ ಮಧ್ಯಾಹ್ನ ಹೆಂಚಿನ ಥರ ಕಾಯುತ್ತೆ.

ಐಸಿಗೆ ಹಾಕಿ ಒಂದು ಒಡೆದೆ. ಬಣ್ಣವೇ ಹೇಳಿತು — ಹೊಂಬಣ್ಣ ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ಮೂಗಿಟ್ಟೆ. ಕಿತ್ತಳೆ ಇಲ್ಲ. ಮಾವು ಇಲ್ಲ. ಹಳೇ ಜೇನಿನಂಥ ಒಂದು ಸಿಹಿ, ಅದರ ಹಿಂದೆ ಮಳೆಯಲ್ಲಿ ನೆಂದ ರಟ್ಟಿನ ಡಬ್ಬಿ. ಕಹಿ ಮಾತ್ರ ಉಳಿದಿದೆ. ಮೊಂಡು ಕಹಿ.

ಕೂಗಾಡಿದೆ. "ಒಂದು ಫೋನ್ ಮಾಡೋಕೆ ಏನಾಗಿತ್ತು? ಪಕ್ಕದ ಮನೆ ಫ್ರಿಜ್ ಇರಲಿಲ್ವಾ? ನಿನಗೆ ಇದೆಲ್ಲ ಬರೀ ಡಬ್ಬಿ ಅಲ್ವಾ?" ಇನ್ನೂ ಏನೇನೋ. ಅಮ್ಮ ಸೆರಗಿನ ತುದಿಯಿಂದ ಮೇಜಿನ ಮೇಲೆ ಚೆಲ್ಲಿದ್ದನ್ನ ಒರೆಸಿದಳು.

ಮೇ 10

ಬೆಳಿಗ್ಗೆ ಕಾಫಿ ಮಾತ್ರ ಮೇಜಿನ ಮೇಲೆ ಬಂದು ಕೂತಿತ್ತು.

ಸಂಜೆ ಅಮ್ಮನೇ ಬಂದು ಪಕ್ಕ ಕೂತಳು. ಕೈಯಲ್ಲಿ ಬೀನ್ಸು, ಚಾಕು. ಮುಖ ನೋಡದೆ ಮಾತು.

"ನೀನು ಹುಟ್ಟೋಕೆ ಮುಂಚಿಂದ ಇದೇ ಕಥೆ. ಇಂಥ ದಿನ ಬರ್ತೀನಿ ಅಂತ ನಿಮ್ಮಪ್ಪನ ಫೋನು. ಅವರಿಗೆ ಇಷ್ಟ ಅಂತ ಇಡೀ ದಿನ ನಿಂತು ಮಾಡೋದು. ಹಡಗು ಎಲ್ಲೋ ನಿಂತುಬಿಡೋದು. ಆರಿದ್ದನ್ನ ಬಿಸಿ ಮಾಡಿ, ಮತ್ತೆ ಬಿಸಿ ಮಾಡಿ, ನಾನೇ ತಿಂದು ಮುಗಿಸ್ತಿದ್ದೆ. ಒಂದು ಸಲ ತಟ್ಟೆ ಮುಂದೆ ಕೂತು ಅಳು ಬಂದುಬಿಡ್ತು. ಊಟ ಹಳಸಿತ್ತು, ನಾನು ಎಸೆಯೋಕೆ ತಯಾರಿರಲಿಲ್ಲ. ಅವತ್ತಿಂದ ಬಿಟ್ಟೆ. ಆ ಮನುಷ್ಯ ಬ್ಯಾಗ್ ಒಳಗಿಟ್ಟ ಮೇಲೇನೇ ನಾನು ಒಲೆ ಹಚ್ಚೋದು."

ಚಾಕು ಟಕಟಕ.

"ನಿನಗೆ ಹೇಳಬೇಕಿತ್ತು. ಕೇಳ್ತಿದ್ದೆಯಾ?"

ಕೇಳ್ತಿರಲಿಲ್ಲ.

"ಫ್ರಿಜ್ ವಿಷಯ ಫೋನಲ್ಲಿ ಹೇಳಿದ್ರೆ ಎಲ್ಲ ಬಿಟ್ಟು ಓಡಿ ಬರ್ತೀಯ ಅಂತ ಭಯ ಆಯ್ತು ಕಣೇ. ಟ್ರೇನಿಂಗ್ ಮುಖ್ಯ ಅಂದಿದ್ಯಲ್ಲ."

ನಾನೂ ಒಂದು ಹಿಡಿ ಬೀನ್ಸ್ ಎಳೆದುಕೊಂಡು ನಾರು ತೆಗೆಯೋಕೆ ಕೂತೆ. ಕ್ಷಮಿಸು ಅನ್ನೋ ಬದಲು ತಲೆ ಅವಳ ಭುಜಕ್ಕೆ ಒರಗಿಸಿದೆ. "ಕೈಗೆ ಚಾಕು ತಾಗುತ್ತೆ, ಸರೀ" ಅಂದಳು. ಭುಜ ಮಾತ್ರ ಸರಿಸಲಿಲ್ಲ.

ಜೂನ್ 19

ಅಪ್ಪ ಬಂದ!!

ಫೋನಿಲ್ಲ, ಏನಿಲ್ಲ. ಬೆಲ್ ಆಯ್ತು, ಗ್ಯಾಸ್ ಸಿಲಿಂಡರ್‌ನವನು ಅಂತ ತೆಗೆದೆ. ಅರ್ಧ ಆಗಿದಾನೆ. ಗಡ್ಡ ಪೂರ್ತಿ ಬೆಳ್ಳಗೆ. ಅಮ್ಮ ಬಾಗಿಲ ಹತ್ರ ನಿಂತು ಅವನನ್ನ ಮೇಲಿಂದ ಕೆಳಗೆ ನೋಡಿ, "ಬೆಲ್ಟಿಗೆ ಇನ್ನೊಂದು ತೂತು ಹೊಡೆಸಿದೀರಾ?" ಅಂದಳು. ಅಷ್ಟೇ. ಒಳಗೆ ಹೋದಳು. ಒಲೆ ಹಚ್ಚೋ ಸದ್ದು. ಮೂಗು ಸೀಟೋ ಸದ್ದು.

ಮಧ್ಯಾಹ್ನವೆಲ್ಲ ನಿದ್ದೆ ಮಾಡಿದ. ಫ್ಯಾನ್ ನಿಲ್ಲಿಸಿದರೆ ಎಚ್ಚರ ಆಗ್ತಾನೆ — ಸದ್ದಿಲ್ಲದೆ ನಿದ್ದೆ ಬರಲ್ಲವಂತೆ.

ಜೂನ್ 21

ಕೆಲಸದಿಂದ ಬರೋಷ್ಟರಲ್ಲಿ ಅಪ್ಪ ಅಡುಗೆಮನೆ ಮೇಜಿನ ಮುಂದೆ. ಎದುರಿಗೆ ನನ್ನ ಕ್ಯಾನ್, ಒಡೆದಿದೆ. ಉಳಿದವನ್ನ ಚೆಲ್ಲೋಕೆ ಮನಸಾಗದೆ ಹಿಂದೆ ತಳ್ಳಿಟ್ಟಿದ್ದೆ. ಎಲ್ಲಿಂದ ಹುಡುಕಿದನೋ.

"ಅಪ್ಪಾ, ಬೇಡ! ಅದು ಹೋಗಿದೆ."

"ನನಗೆ ಅಂತ ಇಟ್ಟಿದ್ದು ತಾನೆ? ಕುಡೀತೀನಿ." ಇನ್ನೊಂದು ಗುಟುಕು. ಕಣ್ಣು ಕಿರಿದು ಮಾಡಿದ — ಮೀಟರ್ ನೋಡೋ ಮುಖ. "ಇದು ಬರೀ ಹಳೇದಾಗಿಲ್ಲ. ಎಲ್ಲೋ ಚೆನ್ನಾಗಿ ಕಾದಿದೆ. ಹೌದಾ?"

ಒಲೆ ಮುಂದೆ ಅಮ್ಮನ ಕೈ ನಿಂತಿತು.

"ಹೌದಪ್ಪ" ಅಂದೆ. "ಬ್ರೂವರಿ ಕೋಲ್ಡ್ ರೂಮ್ ಕೆಟ್ಟಿತ್ತು."

"ಕೆಟ್ಟಿತ್ತಾ? ಯಾವ ಕಂಪ್ರೆಸರು? ಗ್ಯಾಸ್ ಲೀಕಾ? ನಾಳೆ ಬಂದು ನೋಡ್ಲಾ?"

ಸತ್ತೆ. ಈ ಮನುಷ್ಯನ ಮುಂದೆ ಹೋಗಿ ಹೋಗಿ ಇಂಥ ಸುಳ್ಳು ಹೇಳೋದಾ!

"ಯಾವ ಕಂಪ್ರೆಸರೂ ಇಲ್ಲ" ಅಂದಳು ಅಮ್ಮ, ತಿರುಗದೆ. "ಮಂಚದ ಕೆಳಗೆ ನಾನೇ ಇಟ್ಟಿದ್ದೆ. ಬೇಸಿಗೆಯಲ್ಲಿ. ನಿಮ್ಮ ಮಗಳು ನನ್ನ ಮಾನ ಉಳಿಸ್ತಿದಾಳೆ."

ಅಪ್ಪ ಒಮ್ಮೆ ಅವಳನ್ನ ನೋಡಿದ, ಒಮ್ಮೆ ನನ್ನ. ಆಮೇಲೆ ನಗು ಶುರುವಾಯ್ತು, ಭುಜ ಕುಣಿಯೋ ನಗು. ಕೆಮ್ಮು ಬರೋವರೆಗೂ ನಕ್ಕ. "ಕಂಪನಿಯವರು ಲಕ್ಷಗಟ್ಟಲೆ ಮಾಲು ನನ್ನ ನಂಬಿ ಕೊಡ್ತಾರೆ. ನನ್ನ ಮನೇಲಿ ಮಂಚದ ಕೆಳಗೆ!" ಅಮ್ಮನಿಗೂ ತಡೆಯೋಕಾಗಲಿಲ್ಲ, ಸೌಟು ಕೆಳಗಿಟ್ಟಳು.

ಆದರೂ ಕ್ಯಾನ್ ಪೂರ್ತಿ ಕುಡಿದ. "ಕೆಟ್ಟದಾಗಿದೆ" ಅಂದ, ಬಾಯಿ ಒರೆಸಿಕೊಂಡು. "ಇದರಲ್ಲಿ ಏನಿತ್ತು ಅಂತ ನೀನು ಹೇಳು."

ಹೇಳಿದೆ. ಕಿತ್ತಳೆ, ಮಾವು, ಪೈನ್.

ಜೂನ್ 24

ನಿನ್ನೆ ಮೇಷ್ಟ್ರ ಮುಂದೆ ನಿಂತೆ. ಸಣ್ಣ ಟ್ಯಾಂಕ್ ಖಾಲಿ ಇದೆ ಅಂತ ಗೊತ್ತಿತ್ತು. ಪೂರ್ತಿ ಹೇಳೋಷ್ಟರಲ್ಲೇ, "ಅಪ್ಪನ್ನ ಕರ್ಕೊಂಡು ಬಾ. ಶೂ ಹಾಕಿಸು, ನೆಲ ಒದ್ದೆ ಇರುತ್ತೆ" ಅಂದರು.

ಇವತ್ತು ಮತ್ತೆ ಬಿಯರ್ ಬ್ರೂ ಮಾಡಿದೆವು. ಹಳೇ ಹಾಪ್ಸ್ ಮುಗಿದಿದೆ. ಈಗಿನದು ಬೇರೆ ಕಡೆಯದು, ನಿಂಬೆ ಕಡೆಗೆ ಎಳೆಯುತ್ತೆ. ಅದೇ ಬಿಯರ್ ಆಗಲ್ಲ. ಆಗದಿದ್ದರೆ ಬೇಡ.

ಅಪ್ಪ ಕುದಿಯೋ ಹಂಡೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದ. ನಾನು ಏಣಿ ಹತ್ತೋದು, ಇಳಿಯೋದು, ವಾಲ್ವ್ ತಿರುಗಿಸೋದು, ಹುಡುಗರನ್ನ ಬೈಯೋದು — ಎಲ್ಲ ನೋಡ್ತಿದ್ದ. ದಾರಿಯಲ್ಲಿ ಬರ್ತಾ ಅಂದ: "ನೀನು ಬೈಯೋವಾಗ ಥೇಟ್ ನಿಮ್ಮಮ್ಮ."

ಜುಲೈ 7

ಅಪ್ಪನಿಗೆ ಕಂಪನಿಯಿಂದ ಫೋನ್. ಇನ್ನೊಂದು ಹಡಗು, ಎಲೆಕ್ಟ್ರಿಷಿಯನ್ ಆಸ್ಪತ್ರೆ ಸೇರಿದಾನೆ. ಹದಿನಾಲ್ಕಕ್ಕೆ ಹೊರಡಬೇಕು.

ಕ್ಯಾನ್ ತುಂಬೋದು ಅದಾದ ಮೇಲಿನ ವಾರ.

ಅಪ್ಪ ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಹೊಟ್ಟೆ ಉರೀತು, ಸುಳ್ಳೇಕೆ. ಅಮ್ಮ ನನ್ನ ರೂಮಿಗೆ ಬಂದು ಒಂದೇ ಮಾತು ಹೇಳಿದಳು: "ಅಲ್ಲೊಬ್ಬ ಮಲಗಿದಾನೆ ಅಂದರೆ ಇವರಿಗೆ ಕೂರೋಕಾಗಲ್ಲ. ಅವನ ಮನೇಲೂ ಕಾಯೋರು ಇರ್ತಾರೆ." ಹಾಗೆ ಅಂದವಳ ಕಣ್ಣೂ ಕೆಂಪಗಿತ್ತು.

ಜುಲೈ 9

ಟ್ಯಾಂಕಿಗೆ ಘಮದ ಹಾಪ್ಸ್ ಹಾಕಿದೆ. ಅಪ್ಪನ ಕೈಯಲ್ಲೇ ಸುರಿಸಿದೆ. ಪೊಟ್ಟಣ ಖಾಲಿಯಾದ ಮೇಲೂ ಮೂಗಿಗೆ ಹಿಡ್ಕೊಂಡು ನಿಂತಿದ್ದ.

"ಸಿದ್ಧ ಆದ ಮೇಲೆ ಹಡಗಿಗೆ ಕಳಿಸ್ಲಾ? ಯಾವುದಾದರೂ ಬಂದರಿಗೆ..."

"ಬೇಡ. ಅದು ಗೋದಾಮಲ್ಲಿ ಕೂತು, ಲಾರಿಯಲ್ಲಿ ಕೂತು, ಬಿಸಿಲಲ್ಲಿ ಕೂತು... ಮತ್ತೆ ಮಂಚದ ಕೆಳಗಿನದೇ ಆಗುತ್ತೆ. ಈಗ ಟ್ಯಾಂಕಲ್ಲಿರೋದು ಕುಡಿಯೋಕೆ ಬರಲ್ವಾ?"

ಬರುತ್ತೆ. ಮಬ್ಬಾಗಿರುತ್ತೆ, ಗ್ಯಾಸ್ ಸರಿಯಾಗಿ ಕೂತಿರಲ್ಲ. ಯಾರಿಗೂ ಕೊಡೋ ಹಂತ ಅಲ್ಲ. ಆದರೆ ಬರುತ್ತೆ.

ಜುಲೈ 13, ಮಧ್ಯಾಹ್ನ

ಈಗಷ್ಟೇ ಬಂದೆವು. ಮೂರೂ ಜನ ಹೋಗಿದ್ದೆವು, ಅಮ್ಮನೂ. ಬ್ರೂವರಿ ಒಳಗೆ ಮೊದಲ ಸಲ ಕಾಲಿಟ್ಟಳು. ಮೇಷ್ಟ್ರು ಹುಡುಗರನ್ನೆಲ್ಲ ಊಟಕ್ಕೆ ಕಳಿಸಿ ತಾವೂ ಎಲ್ಲೋ ಮಾಯ.

ಟ್ಯಾಂಕಿನ ಪುಟ್ಟ ನಲ್ಲಿಯಿಂದ ನೇರ ಗ್ಲಾಸಿಗೆ ಹಿಡಿದೆ. ಕಿತ್ತಳೆ ರಸದ ಹಾಗೆ ಮಬ್ಬು. ನೊರೆ ಸೋಮಾರಿ. ಆದರೆ ಘಮ! ನಲ್ಲಿ ಬಿಟ್ಟ ತಕ್ಷಣ ಅಮ್ಮ, ನಾಲ್ಕು ಹೆಜ್ಜೆ ದೂರ ನಿಂತವಳು, "ಯಾರು ಹಣ್ಣು ಬಿಡಿಸಿದ್ದು?" ಅಂದಳು.

ಅಪ್ಪ ಕುಡಿಯಲಿಲ್ಲ ಮೊದಲು. ಮೂಗಿಟ್ಟು ಕಣ್ಣು ಮುಚ್ಚಿದ. ಆಮೇಲೆ ಒಂದು ಗುಟುಕು. ಇನ್ನೊಂದು. ಗ್ಲಾಸ್ ಅಮ್ಮನ ಕೈಗೆ ಕೊಟ್ಟ. ಅಮ್ಮ ಕುಡಿದು, ಮುಖ ಕಿವುಚಿ, ಮತ್ತೆ ಕುಡಿದಳು. ವಾಪಸ್ ಕೊಡಲಿಲ್ಲ.

"ಪುಟ್ಟಿ" ಅಂದ ಅಪ್ಪ. "ಇದು ನೀನು ಮಾಡಿದ್ದು."

"ಹೂಂ."

"ನಾನು ಇಲ್ಲೇ ಇದ್ದೆ."

ಅಷ್ಟು ಹೇಳಿ ಟ್ಯಾಂಕಿಗೆ ಕೈ ಆನಿಸಿ ನಿಂತ, ತಣ್ಣಗಿದೆಯಾ ಅಂತ ನೋಡೋನ ಹಾಗೆ. ಬೆನ್ನು ನಮ್ಮ ಕಡೆ.

ನಾಳೆ ಬೆಳಿಗ್ಗೆ ಹೊರಡ್ತಾನೆ. ಗೇಟ್ ದಾಟಿ ಬರೋವಾಗ ಇನ್ನೂ ಒಂದು ಮಾತು ಹೇಳಿದ, ನನ್ನೊಬ್ಬಳಿಗೇ. ಅದನ್ನ ಮರೆಯೋ ಮುಂಚೆ ಬರೆದಿಡೋಣ ಅಂತಲೇ ಬಂದ ತಕ್ಷಣ ಕೂತೆ. ಅವನು ಅಂದಿದ್ದು —

ಅಮ್ಮ ಕೂಗ್ತಿದಾಳೆ. ಅಪ್ಪ ಮತ್ತೆ ಶೂ ಹಾಕ್ತಿದಾನಂತೆ, ಪೇಟೆ ಕಡೆ ಸುತ್ತಿ ಬರೋಣ, ಮೂರೂ ಜನ, ಬಿಸಿಲು ಅಷ್ಟಿಲ್ಲ, ಬೇಗ ಬಾ ಅಂತ. ಬಂದೆ, ಬಂದೆ. ಬರೆಯೋದು ಆಮೇಲೆ.